ಒಂದು ತಿಂಗಳು ಕ್ರಿಶ್ಚಿಯನ್ ಮಕ್ಕಳ ಹೋಮ್‌ನಲ್ಲಿ ಇದ್ದು ಬಂದೆ, ಕಂಡಿದ್ದನ್ನ ಬರೀತಿದೀನಿ

ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳ್ಕೊಡೋಕೆ ಅಂತ ಹೋದವಳು ಒಂದು ತಿಂಗಳು ಅಲ್ಲೇ ಉಳ್ಕೊಂಡೆ. ಹೋಮ್ ಹೆಸರು ಹಾಕಲ್ಲ, ಮಕ್ಕಳ ಗುರುತು ಸಿಗೋದು ಬೇಡ. ದುಡ್ಡು ಕೊಡೋಣ ಅಂತಿರೋರಿಗೆ, ವಾಲಂಟಿಯರ್ ಆಗ್ಬೇಕು ಅಂತಿರೋರಿಗೆ, ಸಂಬಂಧಿಕರ ಮಗುನ ಸೇರಿಸ್ಬೇಕಾ ಬೇಡ್ವಾ ಅಂತ ಒದ್ದಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಬೆಳಿಗ್ಗೆ ಐದೂವರೆಗೆ ಬೆಲ್. ಹಾಸಿಗೆ ಮಡಚೋದು, ನಲ್ಲಿ ಹತ್ರ ಕ್ಯೂ, ದೊಡ್ಡ ಹುಡುಗಿಯರು ಚಿಕ್ಕವರ ತಲೆ ಬಾಚೋದು, ಆರೂಕಾಲಿಗೆ ಚಾಪೆಲ್. ಒಂದು ಹಾಡು, ಒಂದು ಕೀರ್ತನೆ, ಪ್ರಾರ್ಥನೆ, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತೆ. ಚಿಕ್ಕವ್ರು ಅರ್ಧದಷ್ಟು ಜನ ದೊಡ್ಡವರ ತೊಡೆ ಮೇಲೇ ನಿದ್ದೆ, ಯಾರೂ ಗದರಿಸಿ ಎಬ್ಬಿಸಲಿಲ್ಲ, ಅದು ನಂಗೆ ತುಂಬಾ ಹಿಡಿಸ್ತು. ಆಮೇಲೆ ಸ್ಕೂಲು, ಸಂಜೆ ಆಟ, ಬಟ್ಟೆ ಒಗೆಯೋದು, ಸ್ಟಡಿ ಅವರ್, ಊಟ, ರಾತ್ರಿ ಪ್ರೇಯರ್.

ರಾತ್ರಿ ಪ್ರೇಯರ್‌ನಲ್ಲಿ ಪ್ರತಿಯೊಬ್ರೂ ಒಂದೊಂದು ಬೇಡಿಕೆ ಹೇಳ್ತಾರೆ. ಒಂದು ಹುಡುಗಿ ದಿನಾ ಒಂದೇ ಹೇಳ್ತಿದ್ಲು, ಅಮ್ಮ ಫೋನ್ ಮಾಡ್ಲಿ ಅಂತ. ಜನ ಇಂಥ ಜಾಗಕ್ಕೆ ಅನಾಥಾಶ್ರಮ ಅಂತಾರೆ, ಆದ್ರೆ ಇಂಥ ಎಷ್ಟೋ ಹೋಮ್‌ಗಳಲ್ಲಿ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕೇ ಇರ್ತಾರೆ, ಬಡತನ, ಕಾಯಿಲೆ, ಮನೆ ಮುರಿದು ಹೋಗಿರೋದು, ಇದೇ ಕಾರಣ. ಹಾಗಾಗಿ ನೀವು ಯಾವ ಹೋಮ್‌ಗೆ ಹೋದ್ರೂ ಮೊದಲು ಕೇಳ್ಬೇಕಾಗಿದ್ದು, ಮಕ್ಕಳು ಮನೆಯವರ ಜೊತೆ ಎಷ್ಟು ಸಲ ಮಾತಾಡ್ತಾರೆ, ವಾಪಸ್ ಮನೆಗೆ ಕಳಿಸೋ ಪ್ರಯತ್ನ ನಡೀತಿದೆಯಾ ಅಂತ. ಇಲ್ಲಿ ವಾರಕ್ಕೊಂದು ಕಾಲ್ ಇತ್ತು, ಸಾಲದು ಅನ್ನಿಸ್ತು.

ಚೆನ್ನಾಗಿರೋದು ಹೌಸ್ ಮದರ್ ವ್ಯವಸ್ಥೆ, ಅಂದ್ರೆ ಮಕ್ಕಳ ಜೊತೆಗೇ ಇದ್ದು ತಾಯಿ ಥರ ನೋಡ್ಕೊಳ್ಳೋರು. ಎಂಟು ಮಕ್ಕಳಿಗೆ ಒಬ್ರು, ನಾನಿದ್ದ ಮನೆಯ ಹೌಸ್ ಮದರ್ ಹನ್ನೆರಡು ವರ್ಷದಿಂದ ಅದೇ ಜಾಗದಲ್ಲಿದಾರೆ. ಯಾವ ಮಗು ಜ್ವರ ಬರೋ ಹಿಂದಿನ ದಿನ ಮಾತು ಕಮ್ಮಿ ಮಾಡುತ್ತೆ ಅನ್ನೋದೂ ಅವ್ರಿಗೆ ಗೊತ್ತು. ಪ್ರತಿ ಮಗುಗೂ ಬೀಗ ಇರೋ ಒಂದು ಸಣ್ಣ ಕಪಾಟು, ಬಟ್ಟೆ ಮೇಲೆ ನಂಬರ್ ಅಲ್ಲ, ಹೆಸರೇ ಹೊಲಿದಿರ್ತಾರೆ. ಹಿಂದಿನ ಕಾಲದ ದೊಡ್ಡ ಅನಾಥಾಲಯಗಳು ಹೀಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಮುಲ್ಲರ್ ಅನ್ನೋ ಕ್ರೈಸ್ತ ಬೋಧಕರು ಕಟ್ಟಿಸಿದ ಅನಾಥಾಲಯಗಳಲ್ಲಿ 1870ರ ಹೊತ್ತಿಗೆ ಐದು ದೊಡ್ಡ ಕಟ್ಟಡ ಸೇರಿ 2000ಕ್ಕೂ ಹೆಚ್ಚು ಮಕ್ಕಳಿಗೆ ಜಾಗ ಇತ್ತು, ಬೀದಿಪಾಲಾಗ್ತಿದ್ದ ಮಕ್ಕಳಿಗೆ ಅನ್ನ, ಓದು ಸಿಕ್ತು, ಅದು ಸಣ್ಣ ಕೆಲಸ ಅಲ್ಲವೇ ಅಲ್ಲ. ಆದ್ರೆ ಅಷ್ಟು ಮಕ್ಕಳ ಮಧ್ಯೆ ಒಂದು ಮಗುನ ಪೂರ್ತಿ ಬಲ್ಲೋರು ಯಾರಿರ್ತಾರೆ? 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯಲ್ಲೂ ಚಿಕ್ಕ, ಮನೆ ಥರದ ಗುಂಪೇ ಇರ್ಬೇಕು, ಮೂರು ವರ್ಷದೊಳಗಿನ ಮಕ್ಕಳನ್ನಂತೂ ಕುಟುಂಬದಲ್ಲೇ ನೋಡ್ಕೋಬೇಕು ಅಂತಿದೆ.

ಈಗ ಬೇಜಾರಿನ ವಿಷಯ. ಹೋದ ದಿನವೇ ಐದು ವರ್ಷದ ಒಬ್ಬ ಹುಡುಗ ಓಡಿ ಬಂದು ನನ್ನ ತಬ್ಕೊಂಡ, ಕೈ ಬಿಡಲೇ ಇಲ್ಲ, ನಂಗೆ ಕಣ್ಣು ತುಂಬಿ ಬಂತು. ರಾತ್ರಿ ಹೌಸ್ ಮದರ್ ಹೇಳಿದ್ರು, "ನೋಡಮ್ಮ, ಅವನು ಬಂದೋರಿಗೆಲ್ಲ ಹಾಗೇ ಅಂಟ್ಕೊಳ್ತಾನೆ. ಯಾರೂ ಉಳಿಯಲ್ಲ ಅಂತ ಅವನಿಗೆ ಗೊತ್ತಾಗಿದೆ." ಅವತ್ತು ನಿದ್ದೆ ಬರಲಿಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧ ಮಕ್ಕಳನ್ನ ಸಾಕುಮನೆಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿದ್ರು, ಎರಡು ವರ್ಷ ತುಂಬೋ ಮುಂಚೆ ಮನೆ ಸಿಕ್ಕ ಮಕ್ಕಳು ಹೆಚ್ಚು ಚೇತರಿಸ್ಕೊಂಡ್ರು. ನೋಡ್ಕೊಳ್ಳೋರು ಬದಲಾಗ್ತಾನೇ ಇದ್ರೆ ಮಗುಗೆ ಏನಾಗುತ್ತೆ ಅನ್ನೋದನ್ನ ನಾನು ಕಣ್ಣಾರೆ ಕಂಡೆ. ಭಾನುವಾರ ಕ್ಯಾಮೆರಾ ಹಿಡ್ಕೊಂಡು ಗುಂಪು ಬರುತ್ತೆ, ಮಕ್ಕಳು ಸಾಲಾಗಿ ನಿಂತು ಹಾಡ್ಬೇಕು, ಥ್ಯಾಂಕ್ಯೂ ಹೇಳ್ಬೇಕು, ಕೇಕ್ ಕಟ್ ಮಾಡಿ ಅವ್ರು ಹೊರಟ್ಹೋಗ್ತಾರೆ, ಆ ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ಳೋ ಮಕ್ಕಳು ಜಾಸ್ತಿ. ಮ್ಯಾನೇಜ್‌ಮೆಂಟ್ ಇದನ್ನ ನಿಲ್ಲಿಸ್ಲೇಬೇಕು.

ಇನ್ನೊಂದು, ಹದಿನೈದು ವರ್ಷದ ಒಬ್ಬಳಿಗೆ ಚಾಪೆಲ್‌ಗೆ ಬರೋ ಮನಸ್ಸಿರಲಿಲ್ಲ, ಒತ್ತಾಯ ಮಾಡಿದ್ರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯಲ್ಲಿ ಮಗುಗೂ ತನ್ನ ಧರ್ಮ, ಆತ್ಮಸಾಕ್ಷಿಯ ಸ್ವಾತಂತ್ರ್ಯ ಇದೆ. ನಾನೇ ಚರ್ಚಿಗೆ ಹೋಗೋಳು, ಆದ್ರೂ ಅದು ತಪ್ಪು ಅನ್ನಿಸ್ತು, ಹೇಳಿದೆ ಕೂಡ.

ಹದಿನೆಂಟು ತುಂಬಿ ಹೊರಗೆ ಹೋದೋರಿಗೆ ಒಂದು ರೂಮ್ ಇಟ್ಟಿದಾರೆ, ಕೆಲಸ ಹೋದ್ರೆ, ಆರೋಗ್ಯ ಕೆಟ್ರೆ ಬಂದು ಇರಬಹುದು. ಇದಕ್ಕೇ ನಾಲ್ಕು ಸ್ಟಾರ್ ಕೊಡ್ತಿದೀನಿ, ಭಾನುವಾರದ ಪ್ರದರ್ಶನಕ್ಕೆ ಒಂದು ಕಟ್.

ಸ್ವಲ್ಪ ದಿನಕ್ಕೆ ಮಾತ್ರ ಹೋಗೋಕಾಗೋರು ದಯವಿಟ್ಟು ಮಕ್ಕಳ ಜೊತೆಗಿನ ಕೆಲಸ ಕೇಳ್ಬೇಡಿ. ಲೆಕ್ಕ ಬರೆಯೋದು, ಪೈಂಟ್ ಹೊಡೆಯೋದು, ಹರಿದ ಬಟ್ಟೆ ಹೊಲಿಯೋದು ಬೇಕಾದಷ್ಟಿದೆ, ಹೌಸ್ ಮದರ್‌ಗಳಿಗೆ ಅಷ್ಟು ಹೊತ್ತು ಮಕ್ಕಳ ಹತ್ರ ಕೂರೋಕಾಗುತ್ತೆ. ಕೊನೇ ವಾರ ನಾನೂ ಪಾಠ ಬಿಟ್ಟು ಸ್ಟೋರ್ ರೂಮಿನ ಲೆಕ್ಕ ಬರೆದೆ, ಮೊದಲ ದಿನ ನನ್ನ ತಬ್ಕೊಂಡಿದ್ದ ಆ ಹುಡುಗ ಆವಾಗ ಪೂರ್ತಿ ಸಂಜೆ ಹೌಸ್ ಮದರ್ ಪಕ್ಕದಲ್ಲೇ ಇದ್ದ.