ಲ್ಯಾಬ್ ಡಿಗ್ರಿಗೆ ಸೇರುವ ಮೊದಲು ಪೋಸ್ಟಿಂಗ್ ಬಗ್ಗೆ ಕೇಳಿ: ಓದಿ ಮುಗಿಸಿದವಳ ರಿವ್ಯೂ

ನಾನು ಓದಿದ್ದು ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಡಿಗ್ರಿ. ಮೂರು ವರ್ಷ ತರಗತಿ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಈಗ ಒಂದು ದೊಡ್ಡ ಆಸ್ಪತ್ರೆಯ ಹೆಮಟಾಲಜಿ (ರಕ್ತ ಪರೀಕ್ಷೆಯ) ವಿಭಾಗದಲ್ಲಿ ಕೆಲಸದಲ್ಲಿದ್ದೇನೆ. ಸೇರಬೇಕು ಅಂದುಕೊಂಡಿರುವ ಮಕ್ಕಳು, ಅವರ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ: ಕೋರ್ಸ್ ಹೇಗಿದೆ, ಮುಗಿದ ಮೇಲೆ ಕೆಲಸ ಸಿಗುತ್ತಾ? ಒಂದೊಂದು ಸಲ ಒಂದೊಂದು ತುಣುಕು ಹೇಳುವ ಬದಲು ಪೂರ್ತಿಯಾಗಿ ಇಲ್ಲೇ ಬರೆದಿದ್ದೇನೆ. ಕಾಲೇಜಿನ ಹೆಸರು ಹಾಕಿಲ್ಲ. ಇಲ್ಲಿ ಹೇಳಿರುವ ಒಳ್ಳೆಯದು, ಕೆಟ್ಟದ್ದು ಎರಡೂ ಇಂಥ ಯಾವ ಕೋರ್ಸ್‌ನಲ್ಲಾದರೂ ಸಿಗಬಹುದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಮೂರೂವರೆಯಲ್ಲಿ ಎರಡಕ್ಕಿಂತ ಜಾಸ್ತಿ ಹೋಗುವುದು ಆಸ್ಪತ್ರೆ ಲ್ಯಾಬ್‌ನ ಪೋಸ್ಟಿಂಗ್‌ಗೆ, ಅಂದರೆ ಓದುತ್ತಿರುವಾಗಲೇ ಅಲ್ಲಿಗೆ ಹೋಗಿ ಕೆಲಸ ಕಲಿಯುವುದಕ್ಕೆ. ಉಳಿದದ್ದರಲ್ಲಿ ಕಾಲೇಜು ಕಟ್ಟಡ, ಸ್ಮಾರ್ಟ್ ಕ್ಲಾಸು, ಪ್ಲೇಸ್‌ಮೆಂಟ್ ಸೆಲ್ ಎಲ್ಲ ಬಂತು.

ಮೊದಲ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂಲ ಪಾಠಗಳು. ಆರೋಗ್ಯ ವಿಜ್ಞಾನದ ಬೇರೆ ಕೋರ್ಸ್‌ಗಳವರ ಜೊತೆಗೇ ಕೂತು ಕೇಳಿದೆವು. ಫಿಸಿಯಾಲಜಿ ಪಾಠ ಚೆನ್ನಾಗಿತ್ತು. ಅನಾಟಮಿ ಬಾಯಿಪಾಠದಲ್ಲೇ ಮುಗಿಯಿತು. ನಮಗೆ ಅಂಥದ್ದೇನೂ ನಷ್ಟವಾಗಲಿಲ್ಲ, ಫಿಸಿಯೋಥೆರಪಿಯವರಿಗೆ ಖಂಡಿತ ಆಗಿರುತ್ತದೆ.

ಎರಡನೇ ವರ್ಷದಿಂದ ಕೋರ್ಸ್ ಬೇರೆಯೇ ಆಗುತ್ತದೆ. ರಕ್ತ ತೆಗೆಯುವುದು, ಟ್ಯೂಬ್‌ಗಳು, ಸ್ಯಾಂಪಲ್ ಸಾಗಿಸುವುದು. ಹೊರಗಿನವರಿಗೆ ಇದು ಸಣ್ಣ ಕೆಲಸ ಅನ್ನಿಸುತ್ತದೆ. ಆದರೆ ರಿಪೋರ್ಟ್ ಹಾಳಾಗುವುದು ಹೆಚ್ಚಾಗಿ ಇಲ್ಲೇ, ಯಂತ್ರದ ಒಳಗಲ್ಲ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ನೀಲಿ ಮುಚ್ಚಳದ್ದರಲ್ಲಿ ಸಿಟ್ರೇಟ್. ಅಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಲೇಬೇಕು. ಟ್ಯೂಬ್ ಗೆರೆವರೆಗೆ ತುಂಬದಿದ್ದರೆ ರಕ್ತ ಹೆಪ್ಪುಗಟ್ಟುವ ಸಮಯ ಇರುವುದಕ್ಕಿಂತ ಉದ್ದ ತೋರಿಸುತ್ತದೆ. ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್ ಇರುತ್ತದೆ, ರಕ್ತಕಣಗಳು ಸಕ್ಕರೆ ತಿಂದುಹಾಕದಿರಲಿ ಅಂತ. ಇದನ್ನೆಲ್ಲ ಪುಸ್ತಕದಲ್ಲಿ ಪಟ್ಟಿಯಾಗಿ ಓದಿದಾಗ ತಲೆಗೆ ಹತ್ತಲಿಲ್ಲ. ತಲೆಗೆ ಹತ್ತಿದ್ದು ಎರಡನೇ ಪೋಸ್ಟಿಂಗ್‌ನಲ್ಲಿ.

ಅದಕ್ಕೆ ಮೊದಲಿನ ಪೋಸ್ಟಿಂಗ್ ಬಗ್ಗೆ ಹೇಳಲೇಬೇಕು, ನನಗೆ ಇವತ್ತಿಗೂ ಸಿಟ್ಟಿರುವುದು ಅದರ ಮೇಲೆ. ಕಾಲೇಜು ಒಪ್ಪಂದ ಮಾಡಿಕೊಂಡಿದ್ದ ಆಸ್ಪತ್ರೆ ಅದು. ನಮಗೆ ಕೊಟ್ಟ ಕೆಲಸ ಬಾರ್‌ಕೋಡ್ ಅಂಟಿಸುವುದು, ವಾರ್ಡಿನಿಂದ ಸ್ಯಾಂಪಲ್ ತರುವುದು, ರಿಪೋರ್ಟ್ ಪ್ರಿಂಟ್ ತೆಗೆಯುವುದು. ಇಷ್ಟೇ. ಯಂತ್ರದ ಹತ್ತಿರ ಹೋದರೆ “ಮುಟ್ಟಬೇಡಿ, ಕ್ಯಾಲಿಬ್ರೇಷನ್ ಹಾಳಾಗುತ್ತೆ” ಅನ್ನುತ್ತಿದ್ದರು. ಮಾಡಿದ ಟೆಸ್ಟ್‌ಗಳನ್ನು ಬರೆದಿಡುವ ಲಾಗ್‌ಬುಕ್‌ಗೆ ಸಹಿ ಮಾತ್ರ ಸಲೀಸಾಗಿ ಸಿಗುತ್ತಿತ್ತು. ತಿಂಗಳ ಕೊನೆಯಲ್ಲಿ ಎಲ್ಲ ಪುಟಗಳಿಗೂ ಒಟ್ಟಿಗೆ. ಮಾಡದ ಟೆಸ್ಟ್‌ಗಳೆಲ್ಲ ಮಾಡಿದ ಲೆಕ್ಕಕ್ಕೆ ಸೇರಿದವು. ಹೀಗೆ ಡಿಗ್ರಿ ಪಡೆದು ಹೊರಬಂದ ಹುಡುಗಿ ನಾಳೆ ರಾತ್ರಿ ಪಾಳಿಯಲ್ಲಿ ಒಬ್ಬಳೇ ಕೂತು ಯಾರದ್ದೋ ರಕ್ತದ ಗುಂಪು ನೋಡಬೇಕಾಗುತ್ತದೆ. ವಿದ್ಯಾರ್ಥಿಗಳನ್ನು ಸಂಬಳವಿಲ್ಲದ ಕೆಲಸಗಾರರ ಥರ ನಡೆಸಿಕೊಳ್ಳುವುದು ರೋಗಿಗಳಿಗೂ ಮಾಡುವ ಅನ್ಯಾಯ.

ಎರಡನೇ ಪೋಸ್ಟಿಂಗ್‌ನಲ್ಲಿ ಒಬ್ಬರು ಸೀನಿಯರ್ ಮೇಡಂ ಇದ್ದರು. ಬೆಳಿಗ್ಗೆ ಬಂದ ತಕ್ಷಣ ನಮ್ಮ ಮುಂದೆ ಒಂದು ರಿಪೋರ್ಟ್ ಇಟ್ಟು “ಇದನ್ನ ಬಿಡಬಹುದಾ?” ಅಂತ, ಅಂದರೆ ವಾರ್ಡಿಗೆ ಕಳಿಸಬಹುದಾ ಅಂತ ಕೇಳುತ್ತಿದ್ದರು. ಒಂದು ದಿನ ಇಟ್ಟಿದ್ದರಲ್ಲಿ ಪೊಟ್ಯಾಶಿಯಂ ವಿಪರೀತ ಜಾಸ್ತಿ, ಕ್ಯಾಲ್ಸಿಯಂ ವಿಪರೀತ ಕಡಿಮೆ. ಕಾಗದದ ಮೇಲೆ ನೋಡಿದರೆ ಜೀವಕ್ಕೇ ಅಪಾಯ. ವಾರ್ಡಿಗೆ ಫೋನ್ ಮಾಡಿದರೆ ಆ ರೋಗಿ ಎದ್ದು ಓಡಾಡಿಕೊಂಡಿದ್ದಾರೆ. ಮೇಡಂ ನಮ್ಮ ಕೈಲೇ ಕಾರಣ ಹುಡುಕಿಸಿದರು. ಈ ಟೆಸ್ಟ್‌ಗಳಿಗೆ ಬಳಸುವ ಹಳದಿ ಮುಚ್ಚಳದ ಟ್ಯೂಬ್‌ಗೆ ರಕ್ತ ಸಾಲದೆ ಹೋಗಿದೆ, ಯಾರೋ ನೇರಳೆ ಟ್ಯೂಬ್‌ನಿಂದ ಸ್ವಲ್ಪ ಸುರಿದು ತುಂಬಿಸಿದ್ದಾರೆ. ಇಡಿಟಿಎ ಇರುವುದು ಪೊಟ್ಯಾಶಿಯಂ ಲವಣವಾಗಿ. ಹಾಗಾಗಿ ಪೊಟ್ಯಾಶಿಯಂ ಏರಿತು. ಕ್ಯಾಲ್ಸಿಯಂ ಅನ್ನು ಅದು ಕಟ್ಟಿಹಾಕಿದ್ದರಿಂದ ಕ್ಯಾಲ್ಸಿಯಂ ಇಳಿಯಿತು. “ಸ್ಯಾಂಪಲ್ ಸರಿ ಇಲ್ಲ ಅಂದ್ರೆ ನಂಬರ್ ಕೊಡಬೇಡಮ್ಮ. ಫೋನ್ ಮಾಡು, ಮತ್ತೆ ತರಿಸು. ಬೈದ್ರೆ ಬೈಸ್ಕೋ” ಅಂದರು. ವೃತ್ತಿಗೆ ತಯಾರಿ ಅಂದರೆ ಇದೇ ಅಲ್ವಾ? ಟೆಸ್ಟ್ ಮಾಡಲು ಯಂತ್ರ ಇದೆ. ಈ ಟೆಸ್ಟನ್ನು ನಂಬಬೇಕೋ ಬೇಡವೋ ಅಂತ ಹೇಳಲು ಮನುಷ್ಯರು ಬೇಕು.

ನನ್ನ ವಿಭಾಗದ್ದೇ ಇನ್ನೊಂದು ಉದಾಹರಣೆ. ರಕ್ತಕಣ ಎಣಿಸುವ ಯಂತ್ರ ಪ್ಲೇಟ್‌ಲೆಟ್ 40,000 ಅಂತ ತೋರಿಸುತ್ತದೆ. ಸಾಮಾನ್ಯವಾಗಿ ಇರಬೇಕಾದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ರೋಗಿಗೆ ಜ್ವರ ಇಲ್ಲ, ಎಲ್ಲೂ ರಕ್ತ ಸೋರುತ್ತಿಲ್ಲ. ಆಗ ಸ್ಲೈಡ್ ಮಾಡಬೇಕು. ಒಂದು ಹನಿ ರಕ್ತ ಇಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು, ಹನಿ ಅಂಚಿಗೆಲ್ಲ ಹರಡುವವರೆಗೆ ಕಾದು, ಒಂದೇ ಸಲಕ್ಕೆ ಮುಂದಕ್ಕೆ ತಳ್ಳಬೇಕು. ಕೈ ನಡುಗಿದರೆ ಗೆರೆ ಬೀಳುತ್ತದೆ. ಸರಿಯಾಗಿ ಬಂದರೆ ತುದಿ ತೆಳ್ಳಗೆ ಹಕ್ಕಿಗರಿಯ ಹಾಗೆ ಇರುತ್ತದೆ. ಲೀಶ್ಮನ್ ಬಣ್ಣ ಹಾಕಿ ತೊಳೆದು, ಒಣಗಿಸಿ, ಮೈಕ್ರೋಸ್ಕೋಪ್‌ನಲ್ಲಿ ಆ ತುದಿಯ ಕಡೆ ಹೋದರೆ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡು ಕೂತಿರುವುದು ಕಾಣಿಸುತ್ತದೆ. ಕೆಲವರ ರಕ್ತ ಇಡಿಟಿಎ ಸೇರಿದಾಗ ಹೀಗೆ ಮಾಡುತ್ತದೆ. ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದೇ ಇಲ್ಲ. ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ರಕ್ತ ತೆಗೆದು ಎಣಿಸಿ, ಸಿಟ್ರೇಟ್‌ನಿಂದ ತೆಳುವಾದದ್ದಕ್ಕೆ 1.1ರಿಂದ ಗುಣಿಸಿದರೆ ಹೆಚ್ಚಿನವರಲ್ಲಿ ನಿಜವಾದ ಲೆಕ್ಕ ಸಿಗುತ್ತದೆ. ಸ್ಲೈಡ್ ನೋಡದೆ 40,000 ಅಂತಲೇ ಬಿಟ್ಟಿದ್ದರೆ ಆ ರೋಗಿಗೆ ಬೇಡದ ಪ್ಲೇಟ್‌ಲೆಟ್ ಏರಿಸುವ ಸಾಧ್ಯತೆ ಇತ್ತು, ಆಗಬೇಕಿದ್ದ ಆಪರೇಷನ್ ಮುಂದಕ್ಕೆ ಹೋಗುವ ಸಾಧ್ಯತೆ ಇತ್ತು. ಈ ಕೆಲಸ ನನಗೆ ಇಷ್ಟವಾಗಿರುವುದು ಇದಕ್ಕೇ.

ಸ್ಲೈಡ್ ಮಾಡುವುದನ್ನು ಕಾಲೇಜಿನಲ್ಲಿ ಚೆನ್ನಾಗಿ ಕಲಿಸಿದರು. ಅದಕ್ಕೆ ಪೂರ್ತಿ ಅಂಕ. ಗಾಜಿನ ಸ್ಲೈಡ್‌ಗಳಿಗೆ ಲೆಕ್ಕ ಇಡಲಿಲ್ಲ, ಕೈ ಕೂರುವವರೆಗೂ ಮಾಡಿಸಿದರು. ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್ ಕೂಡ ಹಾಗೆಯೇ. 1884ರಲ್ಲಿ ಬಂದ ವಿಧಾನ ಅದು. ಇವತ್ತಿಗೂ ಬ್ಯಾಕ್ಟೀರಿಯಾ ನೋಡುವ ಲ್ಯಾಬ್‌ನಲ್ಲಿ ಕೆಲಸ ಶುರುವಾಗುವುದು ಅದರಿಂದಲೇ.

ಕ್ವಾಲಿಟಿ ಕಂಟ್ರೋಲ್, ಅಂದರೆ ಯಂತ್ರ ಸರಿಯಾದ ಉತ್ತರ ಕೊಡುತ್ತಿದೆಯಾ ಅಂತ ನೋಡುವ ಪಾಠ ಮಾತ್ರ ತುಂಬಾ ಬಡವಾಗಿತ್ತು. ಲೆವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ಲ್ಯಾಬ್‌ಗೆ ತಂದ ಚಾರ್ಟು, ವೆಸ್ಟ್‌ಗಾರ್ಡ್ 1981ರಲ್ಲಿ ಕೊಟ್ಟ ನಿಯಮಗಳು. ಎರಡೂ ಸೇರಿ ನೋಟ್ಸ್‌ನಲ್ಲಿ ಒಂದೇ ಪುಟ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಕೆಲಸಕ್ಕೆ ಬಂದ ಮೇಲೆ ದಿನ ಶುರುವಾಗುವುದೇ ಅಲ್ಲಿಂದ. ರೋಗಿಯ ಸ್ಯಾಂಪಲ್‌ಗೆ ಮೊದಲು ಉತ್ತರ ಗೊತ್ತಿರುವ ಕಂಟ್ರೋಲ್ ಹಾಕುತ್ತೇವೆ. ಸರಾಸರಿಯಿಂದ ಎಷ್ಟು ದೂರ ಹೋಗಿದೆ ಅಂತ ಅಳೆಯುವುದು ಎಸ್‌ಡಿಯಲ್ಲಿ (ಸ್ಟ್ಯಾಂಡರ್ಡ್ ಡೀವಿಯೇಷನ್). ಒಂದು ಕಂಟ್ರೋಲ್ ಮೂರು ಎಸ್‌ಡಿ ದಾಟಿದರೆ ಆ ರನ್ ಬಿಡುವಂತಿಲ್ಲ. ಸತತ ಎರಡು ಒಂದೇ ದಿಕ್ಕಿಗೆ ಎರಡು ಎಸ್‌ಡಿ ದಾಟಿದರೂ ಬಿಡುವಂತಿಲ್ಲ, ಅಲ್ಲಿ ಏನೋ ಒಂದು ಕಡೆಗೆ ವಾಲಿದೆ. ರೀಏಜೆಂಟ್ (ಟೆಸ್ಟ್‌ಗೆ ಹಾಕುವ ರಾಸಾಯನಿಕ) ಇರಬಹುದು, ಕ್ಯಾಲಿಬ್ರೇಷನ್ (ಯಂತ್ರದ ಅಳತೆ ಹೊಂದಿಸಿದ್ದು) ಇರಬಹುದು. ಕಾರಣ ಹುಡುಕದೆ, ಪಾಸ್ ಆಗುವವರೆಗೆ ಕಂಟ್ರೋಲನ್ನು ಮತ್ತೆ ಮತ್ತೆ ಓಡಿಸುವುದು ಕೆಟ್ಟ ಚಾಳಿ. ಡಿಗ್ರಿಯಲ್ಲೇ ಒಂದು ಸೆಮಿಸ್ಟರ್ ಪೂರ್ತಿ ದಿನಾ ಬೆಳಿಗ್ಗೆ ಚಾರ್ಟ್ ಬರೆಸಿದ್ದರೆ ಆ ಚಾಳಿ ಯಾರಿಗೂ ಹತ್ತುವುದಿಲ್ಲ. ಲ್ಯಾಬ್‌ಗಳ ಗುಣಮಟ್ಟಕ್ಕೆ ಐಎಸ್‌ಒ 15189 ಅನ್ನುವ ಅಂತರರಾಷ್ಟ್ರೀಯ ಮಾನದಂಡ 2003ರಿಂದ ಇದೆ, 2022ರಲ್ಲಿ ಹೊಸ ಆವೃತ್ತಿ ಬಂದಿದೆ. ಅದರ ಹೆಸರನ್ನೇ ಕೇಳದೆ ಡಿಗ್ರಿ ಮುಗಿಸಿದವರು ನಮ್ಮ ಬ್ಯಾಚ್‌ನಲ್ಲಿ ಬಹಳ ಜನ. ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದು ಅದನ್ನೇ.

ಮಾಲಿಕ್ಯುಲರ್ ವಿಭಾಗವೂ ಹಾಗೆಯೇ. ಡಿಎನ್‌ಎ ತುಣುಕನ್ನು ಹೆಚ್ಚಿಸಿ ರೋಗ ಪತ್ತೆಮಾಡುವ ಪಿಸಿಆರ್ ಬೋರ್ಡ್ ಮೇಲಿನ ಚಿತ್ರವಾಗಿಯೇ ಉಳಿಯಿತು. ಯಂತ್ರ ಇತ್ತು, ಬೀರುವಿನಲ್ಲಿ ಬೀಗ ಹಾಕಿಕೊಂಡು. 2020ರಲ್ಲಿ ಕೋವಿಡ್ ಬಂದಾಗ ಆರ್‌ಟಿ-ಪಿಸಿಆರ್ ಕೈಯಾರೆ ಮಾಡಿ ಗೊತ್ತಿದ್ದವರಿಗೆ ಎಷ್ಟು ಬೇಡಿಕೆ ಬಂತು ಅಂತ ಎಲ್ಲರೂ ನೋಡಿದ್ದೇವೆ. ಅಷ್ಟಾದ ಮೇಲೂ ಡಿಗ್ರಿ ಹಂತದಲ್ಲಿ ಇದನ್ನು ಬರೀ ಥಿಯರಿಯಾಗಿ ಬಿಡುವುದು ಸರಿಯಲ್ಲ.

ಪರೀಕ್ಷೆ ಬಗ್ಗೆ ಒಂದು ಒಳ್ಳೆಯ ಮಾತು. ಕೊನೆಯ ವರ್ಷ ಪ್ರಾಕ್ಟಿಕಲ್ ಅನ್ನು ಓಸ್ಕಿ ಮಾದರಿಯಲ್ಲಿ ನಡೆಸಿದರು. ರೊನಾಲ್ಡ್ ಹಾರ್ಡನ್ ಅವರು 1975ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ತಂದ ಪದ್ಧತಿ ಅದು. ಸಾಲಾಗಿ ಮೇಜುಗಳು, ಒಂದೊಂದರಲ್ಲಿ ಒಂದೊಂದು ಕೆಲಸ, ಗಂಟೆ ಬಾರಿಸಿದರೆ ಮುಂದಿನದು. ಒಂದು ಕಡೆ ರಕ್ತದ ಗುಂಪು ಓದಬೇಕು, ಒಂದು ಕಡೆ ತಿರಸ್ಕರಿಸಬೇಕಾದ ಸ್ಯಾಂಪಲ್ ಗುರುತಿಸಬೇಕು, ಇನ್ನೊಂದು ಕಡೆ ಅಪಾಯದ ರಿಸಲ್ಟನ್ನು ಫೋನ್‌ನಲ್ಲಿ ವಾರ್ಡಿಗೆ ತಿಳಿಸಿ, ಕೇಳಿಸಿಕೊಂಡವರ ಬಾಯಲ್ಲಿ ಅದನ್ನೇ ಮತ್ತೆ ಹೇಳಿಸಬೇಕು. ಎಲ್ಲರಿಗೂ ಒಂದೇ ಅಳತೆ. ವೈವಾದಲ್ಲಿ ಮುಖ ನೋಡಿ ಅಂಕ ಹಾಕುವ ಗೋಳು ಇಲ್ಲ. ಮಾತಿನಲ್ಲಿ ಹಿಂಜರಿಯುವ ಹುಡುಗಿಯರು ಇದರಲ್ಲಿ ಮುಂದೆ ಬಂದಿದ್ದನ್ನು ನಾನೇ ನೋಡಿದ್ದೇನೆ.

ಇನ್ನು ಕರಿಯರ್ ತಯಾರಿ ಅಂತ ಕಾಲೇಜು ನಡೆಸಿದ ಕ್ಲಾಸುಗಳು. ಸಿವಿ ಹೇಗೆ ಬರೆಯಬೇಕು, ಹೇಗೆ ಕೂರಬೇಕು, ಯಾವ ಬಣ್ಣದ ಬಟ್ಟೆ ಹಾಕಬೇಕು. ಇದನ್ನು ಯಾವ ಕೋರ್ಸ್‌ನವರಿಗೆ ಬೇಕಾದರೂ ಹೇಳಬಹುದು. ನಮಗೆ ಬೇಕಾಗಿದ್ದು ಬೇರೆ. ಬಹಳ ಕಡೆ ಈ ಕೆಲಸ ಮಾಡಲು ನೋಂದಣಿ ಅಥವಾ ಲೈಸೆನ್ಸ್ ಬೇಕು. ಬ್ರಿಟನ್‌ನಲ್ಲಿ ಎಚ್‌ಸಿಪಿಸಿ ಅನ್ನುವ ನಿಯಂತ್ರಣ ಸಂಸ್ಥೆಯ ನೋಂದಣಿ ಇಲ್ಲದೆ ಬಯೋಮೆಡಿಕಲ್ ಸೈಂಟಿಸ್ಟ್ ಅಂತ ಹೇಳಿಕೊಳ್ಳುವಂತೆಯೇ ಇಲ್ಲ. ಬೇರೆ ದೇಶಕ್ಕೆ ಅರ್ಜಿ ಹಾಕಿದರೆ ಯಾವ ವಿಷಯ ಎಷ್ಟು ಗಂಟೆ ಓದಿದೆ, ಯಾವ ವಿಭಾಗದಲ್ಲಿ ಎಷ್ಟು ಕಾಲ ಪೋಸ್ಟಿಂಗ್ ಮಾಡಿದೆ ಅಂತ ಕೇಳುವುದುಂಟು. ಸಿಲಬಸ್‌ನ ಸೀಲ್ ಹಾಕಿದ ಪ್ರತಿ, ಗಂಟೆಗಳ ಲೆಕ್ಕ ಇರುವ ಪತ್ರ ಇವನ್ನು ಕಾಲೇಜು ಬಿಡುವ ಮೊದಲೇ ತೆಗೆದಿಟ್ಟುಕೊಳ್ಳಿ ಅಂತ ನಮಗೆ ಯಾರೂ ಹೇಳಲಿಲ್ಲ. ಆಮೇಲೆ ಅದಕ್ಕಾಗಿ ಆಫೀಸಿಗೆ ಅಲೆದವರು ಎಷ್ಟೋ ಜನ.

ಕೆಲಸ ಎಲ್ಲೆಲ್ಲಿ ಇದೆ ಅಂತಲೂ ಸರಿಯಾಗಿ ಹೇಳಲಿಲ್ಲ. ಎಲ್ಲರ ತಲೆಯಲ್ಲೂ ಇದ್ದದ್ದು ಆಸ್ಪತ್ರೆ ಲ್ಯಾಬ್ ಒಂದೇ. ಬ್ಲಡ್ ಬ್ಯಾಂಕ್ ಇದೆ, ಅಂಗಾಂಶ ಪರೀಕ್ಷಿಸುವ ಹಿಸ್ಟೋಪೆಥಾಲಜಿ ಇದೆ, ಐವಿಎಫ್ ಕೇಂದ್ರಗಳಲ್ಲಿ ಭ್ರೂಣ ನೋಡಿಕೊಳ್ಳುವ ಎಂಬ್ರಿಯಾಲಜಿ ಲ್ಯಾಬ್ ಇದೆ, ಔಷಧ ಪ್ರಯೋಗಗಳ ಲ್ಯಾಬ್ ಇದೆ, ಕ್ವಾಲಿಟಿ ವಿಭಾಗ ಇದೆ. ಯಂತ್ರ ಮಾರುವ ಕಂಪನಿಗಳಲ್ಲಿ ಅಪ್ಲಿಕೇಷನ್ ಸ್ಪೆಷಲಿಸ್ಟ್ ಅನ್ನುವ ಕೆಲಸ ಇದೆ. ಹೊಸ ಯಂತ್ರ ಕೂರಿಸಿದ ಕಡೆ ಹೋಗಿ ಲ್ಯಾಬ್‌ನವರಿಗೆ ಕಲಿಸುವುದು. ಅಂಥವರೊಬ್ಬರು ಒಮ್ಮೆ ಬಂದು ಮಾತಾಡಿದರು. ಕಾಲೇಜು ಏರ್ಪಡಿಸಿದ್ದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದ ಮಾತು ಅದೇ. ಕೆಲವಕ್ಕೆ ಮೇಲಿನ ಓದು ಅಥವಾ ಪ್ರತ್ಯೇಕ ತರಬೇತಿ ಬೇಕು. ಅದನ್ನು ಎರಡನೇ ವರ್ಷದಲ್ಲೇ ಹೇಳಿದರೆ ಮಕ್ಕಳು ತಯಾರಾಗುತ್ತಾರೆ.

ಒಂದು ವಿಷಯದಲ್ಲಿ ರಾಜಿ ಬೇಡ. ಮೊದಲ ಸೂಜಿ ಮುಟ್ಟುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು. ಸಾಮಾನ್ಯವಾಗಿ ಮೂರು ಡೋಸ್, ಮೊದಲನೆಯದರಿಂದ ಕೊನೆಯದಕ್ಕೆ ಆರು ತಿಂಗಳು ಬೇಕು. ಆಮೇಲೆ ಒಂದೆರಡು ತಿಂಗಳಲ್ಲಿ ಆಂಟಿಬಾಡಿ ಟೆಸ್ಟ್ ಮಾಡಿಸಿ ಲಸಿಕೆ ಹಿಡಿದಿದೆಯಾ ಅಂತ ನೋಡಬೇಕು. ನಮ್ಮ ಕಾಲೇಜು ಲಸಿಕೆಗೆ ಒಂದು ಸುತ್ತೋಲೆ ಹೊರಡಿಸಿ ಸುಮ್ಮನಾಯಿತು, ಹಾಕಿಸಿಕೊಂಡಿದ್ದಾರಾ ಅಂತ ಯಾರೂ ನೋಡಲಿಲ್ಲ. ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು, ಎಲ್ಲಿಗೆ ಓಡಬೇಕು ಅಂತ ಮೊದಲ ದಿನವೇ ಹೇಳಿಕೊಡಬೇಕು. ಎಚ್‌ಐವಿ ತಡೆಯುವ ಔಷಧ ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಹೆದರಿ ಮುಚ್ಚಿಡುವ ವಿದ್ಯಾರ್ಥಿಗೆ ಆ ಸಮಯ ಕೈತಪ್ಪುತ್ತದೆ.

ಡಾಕ್ಟರ್ ಸೀಟು ಸಿಗಲಿಲ್ಲ, ಇದಾದರೂ ಇರಲಿ ಅಂತ ಸೇರುವವರಿಗೆ ಈ ಕೋರ್ಸ್ ಕಷ್ಟ. ರಾತ್ರಿ ಪಾಳಿ ಇರುತ್ತದೆ, ರೋಗಿಯ ಕಣ್ಣಿಗೆ ನೀವು ಬೀಳುವುದೇ ಕಡಿಮೆ, ಸಂಬಳ ನಿಧಾನವಾಗಿ ಏರುತ್ತದೆ. ಆದರೆ ಒಂದು ನಂಬರ್ ಯಾಕೆ ಹೀಗೆ ಬಂತು ಅಂತ ಕೆದಕುವ ಸ್ವಭಾವ ಇದ್ದರೆ, ಕೈಗೆ ತಾಳ್ಮೆ ಇದ್ದರೆ, ಕಣ್ಣು ಮುಚ್ಚಿ ಸೇರಿ ಅನ್ನುತ್ತೇನೆ.

ಕಾಲೇಜು ಮಾತ್ರ ಕಣ್ಣು ತೆರೆದು ಆರಿಸಿ. ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತದೆ, ಒಬ್ಬ ಸೀನಿಯರ್ ಹತ್ತಿರ ಎಷ್ಟು ವಿದ್ಯಾರ್ಥಿಗಳು, ಯಂತ್ರ ಮುಟ್ಟಲು ಬಿಡುತ್ತಾರಾ, ಈ ಡಿಗ್ರಿಗೆ ನೋಂದಣಿ ಸಿಗುತ್ತಾ. ಪ್ರವೇಶದ ಕೌಂಟರ್‌ನಲ್ಲಿ ಕೇಳಿದರೆ ಬರೀ ಬಣ್ಣದ ಪುಸ್ತಕ ಕೊಡುತ್ತಾರೆ. ಅದನ್ನು ಪಕ್ಕಕ್ಕಿಟ್ಟು ಇಂಟರ್ನ್‌ಶಿಪ್‌ನಲ್ಲಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹುಡುಕಿ, ಲಾಗ್‌ಬುಕ್ ತೋರಿಸಲು ಹೇಳಿ. ಸಹಿಗಳ ಕೆಳಗಿನ ತಾರೀಖು ಬೇರೆ ಬೇರೆ ಇದೆಯಾ, ಎಲ್ಲದಕ್ಕೂ ಒಂದೇ ಪೆನ್ನಿನ ಶಾಯಿಯಾ ಅಂತ ನೋಡಿ. ಆಮೇಲೆ ಫೀಸು ಕಟ್ಟಿ.