ಕಾರ್ಡಿಫ್ ಪಕ್ಕದ ಗೋದಲಿ

ಮಗಳು ಬ್ರಿಟನ್ನಿನ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿದ್ದಾಳೆ. ಈ ಬೇಸಿಗೆಯಲ್ಲಿ ನಾವಿಬ್ಬರೂ ಧಾರವಾಡದಿಂದ ಹೋದಾಗ ಅವಳು ಸೇಂಟ್ ಫ್ಯಾಗನ್ಸ್ ತೋರಿಸಿದಳು. ವೇಲ್ಸ್‌ನ ಊರೂರುಗಳ ಹಳೆಯ ಕಟ್ಟಡಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಬಯಲು ವಸ್ತುಸಂಗ್ರಹಾಲಯ, 1948ರಲ್ಲಿ ತೆರೆದದ್ದು. ಈಗ 40ಕ್ಕೂ ಹೆಚ್ಚು ಕಟ್ಟಡಗಳಿವೆ. ಪ್ರವೇಶಕ್ಕೆ ದುಡ್ಡಿಲ್ಲ, ಕಾರು ನಿಲ್ಲಿಸುವುದಕ್ಕೆ ಮಾತ್ರ ಉಂಟು.

ನನ್ನ ಅರ್ಧ ದಿನ ಕಳೆದದ್ದು ಕಿಲೆವೆಂಟ್ ಎಂಬ ಒಕ್ಕಲುಮನೆಯಲ್ಲಿ. ದನಕ್ಕೂ ಜನಕ್ಕೂ ಒಂದೇ ಬಾಗಿಲು, ಒಂದೇ ಸೂರು. “ರೀ, ಇದು ನಮ್ಮ ಅಣ್ಣಿಗೇರಿ ಮನೆಯೇ ಅಲ್ಲವೇ?” ಎಂದೆ. ನನ್ನ ತವರಿನಲ್ಲೂ ಹೊಸ್ತಿಲು ದಾಟಿದರೆ ಮೊದಲು ಗೋದಲಿ, ಎರಡು ಎತ್ತು, ಒಂದು ಎಮ್ಮೆ. ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ. ರಾತ್ರಿ ಎಮ್ಮೆ ಮೆಲುಕು ನಿಲ್ಲಿಸಿದರೆ ಅಜ್ಜಿಗೆ ಎಚ್ಚರವಾಗುತ್ತಿತ್ತು. ಅವರದು ಮಳೆ ಜಾರಿಸುವ ಇಳಿಜಾರು ಚಾವಣಿ, ನಮ್ಮದು ಮೆಣಸಿನಕಾಯಿ ಒಣಹಾಕುವ ಮಣ್ಣಿನ ಮಾಳಿಗೆ, ಅಷ್ಟೇ ವ್ಯತ್ಯಾಸ. ಸಗಣಿಯ ವಾಸನೆ ಇಲ್ಲದ ಕೊಟ್ಟಿಗೆಯನ್ನು ಮಾತ್ರ ನನ್ನ ಮೂಗು ಒಪ್ಪಲಿಲ್ಲ. ನಮ್ಮ ಮನೆಯನ್ನು ಅಣ್ಣತಮ್ಮಂದಿರು ಪಾಲಾದಾಗ ಕೆಡವಿದರು. ಕಂಬಗಳನ್ನು ಯಾರೋ ವ್ಯಾಪಾರಿ ಲಾರಿಯಲ್ಲಿ ಒಯ್ದ. ಗೋದಲಿಯ ಕಲ್ಲು ತಮ್ಮನ ಹಿತ್ತಿಲಲ್ಲಿ ಬಟ್ಟೆ ಒಗೆಯಲು ಬಿದ್ದಿದೆ.

ಕೆನಿಕ್ಸ್‌ಟನ್ ಎಂಬ ಇನ್ನೊಂದು ಮನೆಯ ಗೋಡೆಗಳು ಕಡುಗೆಂಪು. ಆ ಬಣ್ಣ ದುಷ್ಟಶಕ್ತಿಗಳನ್ನು ದೂರವಿಡುತ್ತದೆಂದು ನಂಬಿದ್ದರಂತೆ. ನಾವು ನಿಂಬೆಹಣ್ಣು ಕಟ್ಟಿ ಸುಮ್ಮನಾಗುತ್ತೇವೆ, ಇವರು ಇಡೀ ಮನೆಗೇ ಬಳಿದಿದ್ದಾರೆ!

ಮರ್ಥರ್ ಟಿಡ್ಫಿಲ್‌ನ ಕಬ್ಬಿಣ ಕಾರ್ಖಾನೆಯ ಕಾರ್ಮಿಕರ ಆರು ಮನೆಗಳ ಸಾಲು ತಪ್ಪಿಸಬೇಡಿ. ಒಂದೊಂದು ಮನೆ ಒಂದೊಂದು ಕಾಲಕ್ಕೆ ಸಜ್ಜಾಗಿದೆ: 1805, 1855, 1895, 1925, 1955, 1985. ಕೊನೆಯದರಲ್ಲಿ ಟಿ.ವಿ. ನೋಡಿ ನಮ್ಮವರು, “ನಾವು ಮದುವೆಯಾದ ವರ್ಷವೂ ವಸ್ತುಸಂಗ್ರಹಾಲಯ ಸೇರಿತಲ್ಲ” ಎಂದು ಪೆಚ್ಚಾದರು. ಮಗಳು ನಕ್ಕಿದ್ದೇ ನಕ್ಕಿದ್ದು.

ಫಲಕಗಳಲ್ಲಿ ಇಂಗ್ಲಿಷಿನ ಜೊತೆ ವೆಲ್ಶ್ ಭಾಷೆಯೂ ಇದೆ. ಕಾವಲಿಗಿದ್ದ ಹೆಂಗಸು “ಬೋರೆ ದಾ” ಎಂದು ಅವರ ಭಾಷೆಯಲ್ಲೇ ಶುಭೋದಯ ಹೇಳಿದಾಗ ನಾನೂ ಗಟ್ಟಿಯಾಗಿ “ನಮಸ್ಕಾರ್ರೀ” ಎಂದೆ.

ಮೊಣಕಾಲು ನೋವಿದ್ದವರು ಬೆಳಗ್ಗೆಯೇ ಹೋಗಿ, ಏರಿಳಿತದ ದಾರಿ ಬಹಳ. ಕೊಡೆ ಇರಲಿ. ಡರ್ವೆನ್ ಬೇಕರಿಯಲ್ಲಿ ಅಲ್ಲೇ ಸುಟ್ಟ ಬ್ರೆಡ್ ಸಿಗುತ್ತದೆ. ನಾವು ಬೆಂಚಿನ ಮೇಲೆ ಕುಳಿತು ಅದಕ್ಕೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಪುಡಿ ಮನೆಯಿಂದಲೇ ಒಯ್ಯಬೇಕು.