ಥ್ರಾಟಲ್ ಬಾಡಿ ಕೊರೆಸಿದ ಕಾರು: ಕೊಳ್ಳುವವರಿಗೂ ಕೊರೆಸುವವರಿಗೂ ಎಚ್ಚರಿಕೆ

ಹುಬ್ಬಳ್ಳಿ–ಧಾರವಾಡದಲ್ಲಿ ಹಳೆಯ ಪೆಟ್ರೋಲ್ ಕಾರು ಕೊಳ್ಳಲು ಹೊರಟವರು ಬಾನೆಟ್ ಎತ್ತಿದಾಗ ಥ್ರಾಟಲ್ ಬಾಡಿಯನ್ನು, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಕೊಳವೆಯನ್ನು, ತಪ್ಪದೆ ನೋಡಿ. ಗಾಳಿ ಹೆಚ್ಚು ನುಗ್ಗಲಿ ಎಂದು ಅದರ ಒಳಮೈಯನ್ನು ಕೊರೆಸಿದ್ದ ಮಾಲೀಕ, ಆ ವಿಷಯ ಮುಚ್ಚಿಟ್ಟು ನನಗೆ ಕಾರು ಮಾರಿದ. ನಮ್ಮ ಮನೆಯವರ ಜೀವಕ್ಕೇ ಕುತ್ತು ಬರುವುದಿತ್ತು.

ಓಡಿಸಿ ನೋಡಿದ ದಿನ ಕಾರು ಚುರುಕಾಗಿತ್ತು. ಆಕ್ಸಿಲರೇಟರ್ ತುಸು ಒತ್ತಿದರೆ ಮುಂದಕ್ಕೆ ಜಿಗಿಯುತ್ತಿತ್ತು. ಈ ಜಿಗಿತವನ್ನೇ ಎಲ್ಲರೂ ‘ಪಿಕಪ್ ಹೆಚ್ಚಿತು’ ಎಂದು ನಂಬುವುದು. ಕೊಳವೆ ಅಗಲವಾದಾಗ ಕಡಿಮೆ ಒತ್ತಿದರೂ ಹೆಚ್ಚು ಗಾಳಿ ಹೋಗುತ್ತದೆ, ಅಷ್ಟೇ. ಪೆಡಲನ್ನು ಪೂರ್ತಿ ಒತ್ತಿದಾಗ ಎಂಜಿನ್ನಿನ ಬಲ ಹೆಚ್ಚುಕಡಿಮೆ ಮೊದಲಿನಷ್ಟೇ.

ಎಂಜಿನ್ ಬಿಸಿಯಾದ ಮೇಲೆ ನಿಜಸ್ಥಿತಿ ಬಯಲಾಯಿತು. ಚೆನ್ನಮ್ಮ ವೃತ್ತದ ಸಿಗ್ನಲ್ಲಿನಲ್ಲಿ ನಿಂತರೆ 800ರ ಆಸುಪಾಸಿನಲ್ಲಿರಬೇಕಾದ ಆರ್‌ಪಿಎಂ 1,500ಕ್ಕೆ ಏರಿ, ಇಳಿದು, ಮತ್ತೆ ಏರುತ್ತಿತ್ತು. ಮೈಲೇಜ್ ಕುಸಿಯಿತು. ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ, ಗೇರ್ ಇಳಿಸಿದರೂ, ಎಂಜಿನ್ ಕಾರನ್ನು ಹಿಡಿಯಲಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಸುಟ್ಟ ವಾಸನೆ ಬಂತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಊರಿಗೆ ಮರಳಿ ಗೋಕುಲ ರಸ್ತೆಯ ಮೆಕ್ಯಾನಿಕ್ ಒಬ್ಬರಲ್ಲಿ ಸ್ಕ್ಯಾನರ್ ಹಾಕಿಸಿದಾಗ ಪಿ0507 ಎಂಬ ಸಂಕೇತ ಬಂತು: ಐಡಲಿಂಗ್ ವೇಗ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ, ಇರಬೇಕಾದ್ದಕ್ಕಿಂತ ಹೆಚ್ಚು. ಗಾಳಿಯ ಹೋಸ್ ಬಿಚ್ಚಿ ಥ್ರಾಟಲ್ ಬಾಡಿಯನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಕೊಳವೆಯೊಳಗೆ ತಿರುಗಿ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಬಟರ್‌ಫ್ಲೈ ತಗಡು ಪೂರ್ತಿ ಮುಚ್ಚಿದ್ದರೂ ಒಂದು ಬದಿಯಲ್ಲಿ ಬಿದಿಗೆ ಚಂದ್ರನಂತೆ ಬೆಳಕಿನ ಗೆರೆ ಕಂಡಿತು. ಕೊಳವೆಯನ್ನು ಲೇತಿಗೆ ಹಾಕದೆ ಕೈ ಡ್ರಿಲ್ಲಿಗೆ ಎಮರಿ ಸುತ್ತಿ ಉಜ್ಜಿದ್ದರು. ಅದು ದುಂಡಗೂ ಉಳಿದಿರಲಿಲ್ಲ. ತಗಡಿನ ಅಂಚನ್ನು ಚೂಪಾಗಿ ಅರೆದಿದ್ದರು, ತಗಡನ್ನು ತಿರುಗಿಸುವ ಶಾಫ್ಟನ್ನು ತೆಳುವಾಗಿಸಿದ್ದರು. ನನಗೆ ಈಗಲೂ ಮೈ ನಡುಗುವುದು ಸ್ಕ್ರೂಗಳನ್ನು ನೆನೆದರೆ. ತಗಡನ್ನು ಶಾಫ್ಟಿಗೆ ಹಿಡಿದಿಡುವ ಎರಡು ಚಿಕ್ಕ ಸ್ಕ್ರೂಗಳು ಸಡಿಲವಾಗದಿರಲೆಂದು ಕಾರ್ಖಾನೆಯಲ್ಲಿ ತುದಿಯನ್ನು ಜಜ್ಜಿ ಕೂರಿಸಿರುತ್ತಾರೆ. ಇಲ್ಲಿ ಆ ತುದಿಗಳನ್ನು ಅರೆದು ಹಾಕಿದ್ದರು, ಒಂದು ಸ್ಕ್ರೂ ಅರ್ಧ ಕಳಚಿತ್ತು. ಕಳಚಿ ಬಿದ್ದಿದ್ದರೆ ಅದು ನೇರ ಸಿಲಿಂಡರಿನೊಳಕ್ಕೆ.

ಥ್ರಾಟಲ್ಲಿನ ಕಷ್ಟದ ಕೆಲಸ ತೆರೆಯುವುದಲ್ಲ, ಮುಚ್ಚುವುದು. ಮುಚ್ಚಿದಾಗ ತಗಡಿನ ಅಂಚಿಗೂ ಕೊಳವೆಗೂ ನಡುವೆ ಕೂದಲೆಳೆಯಷ್ಟೇ ಅಂತರ. ಕೆಲವು ಕಂಪನಿಗಳು ಆ ಜಾಗಕ್ಕೆ ತೆಳುವಾದ ಲೇಪವನ್ನೂ ಬಳಿದಿರುತ್ತವೆ. ಅದನ್ನು ಉಜ್ಜಿ ತೆಗೆದರೆ ಗಾಳಿ ಸೋರುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹಾಕುತ್ತದೆ, ವೇಗ ಏರುತ್ತದೆ, ಅದನ್ನು ತಗ್ಗಿಸಲು ಕಿಡಿಯನ್ನು ತಡವಾಗಿ ಹಾರಿಸುತ್ತದೆ. ನನ್ನ ಪೆಟ್ರೋಲ್ ಹೋದದ್ದು ಹೀಗೆ.

ಲಾಭವಾದರೂ ಎಷ್ಟು? 44 ಮಿಲಿಮೀಟರ್ ಕೊಳವೆಯನ್ನು 46ಕ್ಕೆ ಕೊರೆದರೆ ವಿಸ್ತೀರ್ಣ ಶೇಕಡ 9ರಷ್ಟು ಹೆಚ್ಚುತ್ತದೆ, ನಿಜ. ಆದರೆ ತಡೆ ಅಲ್ಲಿಯೇ ಇದೆಯೇ ಎಂದು ಮೊದಲು ಅಳೆಯಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಒತ್ತಡ ಸುಮಾರು 93 ಕಿಲೋಪಾಸ್ಕಲ್. ಪೂರ್ತಿ ಥ್ರಾಟಲ್ಲಿನಲ್ಲಿ ಸ್ಕ್ಯಾನರ್ ತೋರಿಸುವ ಮ್ಯಾನಿಫೋಲ್ಡ್ ಒತ್ತಡ (ಥ್ರಾಟಲ್ ದಾಟಿ ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ) 91 ಇದ್ದರೆ, ಏರ್ ಫಿಲ್ಟರನ್ನೂ ಸೇರಿಸಿ ಇಡೀ ದಾರಿಯ ತಡೆ ಶೇಕಡ ಎರಡರಷ್ಟು. ಎಷ್ಟು ಕೊರೆದರೂ ಅದಕ್ಕಿಂತ ಹೆಚ್ಚು ಸಿಗದು. ಸುಗ್ಗಿಯ ಕಾಲದಲ್ಲಿ ಗದಗ, ನವಲಗುಂದದ ಕಡೆ ಓಡಾಡುವ ಕಾರಿಗೆ ಫಿಲ್ಟರ್ ಬದಲಿಸುವುದರಿಂದಲೇ ಹೆಚ್ಚು ಪ್ರಯೋಜನ.

ಕೊರೆದ ಲೋಹ ಮರಳಿ ಬರುವುದಿಲ್ಲ. ಹೊಸ ಥ್ರಾಟಲ್ ಬಾಡಿ ಹಾಕಿಸಿ, ಸ್ಕ್ಯಾನರಿನಿಂದ ಅದರ ಮುಚ್ಚಿದ ಸ್ಥಾನವನ್ನು ಇಸಿಯುಗೆ ಮತ್ತೆ ಕಲಿಸಬೇಕಾಯಿತು. ಮಾರಿದವನು ಫೋನ್ ಎತ್ತುವುದನ್ನೇ ಬಿಟ್ಟ. ಕಾನೂನೂ ಗೊತ್ತಿರಲಿ: 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಕೊಳ್ಳುವ ಮುನ್ನ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ ಐಡಲಿಂಗ್ ಗಮನಿಸಿ. ಆಮೇಲೆ ಎಂಜಿನ್ ಆರಿಸಿ, ಕೀಲಿ ತೆಗೆದು, ಹೋಸ್ ಬಿಚ್ಚಿಸಿ ಟಾರ್ಚ್ ಹಾಕಿ. ಒಳಗೆ ಎಮರಿಯ ಗೀರುಗಳು ಅಥವಾ ಕನ್ನಡಿಯಂತಹ ಹೊಳಪು ಕಂಡರೆ ಆ ಕಾರು ಬೇಡ. ಎಲೆಕ್ಟ್ರಾನಿಕ್ ಥ್ರಾಟಲ್ಲಿನ ತಗಡನ್ನು ಬೆರಳಿನಿಂದ ತಳ್ಳಬೇಡಿ, ಒಳಗಿನ ಪ್ಲಾಸ್ಟಿಕ್ ಗೇರುಗಳು ಮುರಿಯಬಹುದು. ಈಗಾಗಲೇ ಕೊರೆಸಿರುವವರು ಮುಂದಿನ ಘಟ್ಟ ಇಳಿಯುವ ಮೊದಲು ಆ ಎರಡು ಸ್ಕ್ರೂಗಳನ್ನು ಒಬ್ಬ ಬಲ್ಲವರಿಗೆ ತೋರಿಸಿ.